ಅವಳ ಸೈಕಲ್ಲಿಗೆ ದಪ್ಪ ಟ್ಯೂಬು

ನಮ್ಮ ಇಂಡಿ ತಾಲ್ಲೂಕಿನ ಕಡೆ ಗುಡ್ಡವಿಲ್ಲ. ಗುಡ್ಡ ಹತ್ತುವ ಸೈಕಲ್ ಯಾಕೆ ಎಂದು ಕೇಳಿದವರಿಗೆ ನಾನು ಕಪ್ಪು ಮಣ್ಣಿನ ಎರೆಹೊಲದ ಗಾಡಿದಾರಿ ತೋರಿಸುತ್ತೇನೆ. ಮಳೆಯಾದರೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದನ್ನೇ ಬಿಡುತ್ತದೆ. ಒಣಗಿದರೆ ನೆಲದ ತುಂಬ ನೆಗ್ಗಿಲ ಮುಳ್ಳು, ಬದುವಿನ ತುಂಬ ಜಾಲಿ ಮುಳ್ಳು.

ಈ ದಾರಿಗಳನ್ನು ಬಹಳ ದಿನ ಒಬ್ಬನೇ ತುಳಿದೆ. ಒಬ್ಬನೇ ತುಳಿಯುವುದು ನನಗೆ ಬೇಸರವಾಗಿತ್ತು. ಹೆಂಡತಿ ಜೊತೆಗೆ ಬರಬೇಕು ಎಂಬ ಆಸೆಯಿತ್ತು. ಅವಳಿಗೂ ಒಂದು ಸೈಕಲ್ ತಂದೆ. ಅವಳು ಓಣಿಯಲ್ಲಿ ಎರಡು ಸುತ್ತು ಹೊಡೆದು ಅಂಗಳದಲ್ಲಿ ನಿಲ್ಲಿಸಿಬಿಟ್ಟಳು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ತಾಂಬಾ ಊರಿನ ಹತ್ತಿರದ ತಮ್ಮ ಹೊಲಕ್ಕೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಬರ್ರಿ ಎಂದು ನನ್ನ ಅಕ್ಕ ಕರೆದಾಗ, ಸೈಕಲ್ ಮೇಲೆಯೇ ಹೋಗೋಣ ಎಂದು ಗಂಟುಬಿದ್ದೆ.

“ಇದೊಂದ್ ಸಲ ಬರ್ತೇನಿ,” ಎಂದಳು. “ನನ್ನ ಸೈಕಲ್ ಪಂಚರ್ ಆತಂದ್ರ ಮುಂದ ಸೈಕಲ್ಲಿನ ಹೆಸರು ತಗೀಬಾರ್ದು ನೋಡ್ರಿ.”

ಮರುದಿನವೇ ವಿಜಯಪುರದ ಅಂಗಡಿಗೆ ಹೋದೆ. ಒತ್ತೊತ್ತಾಗಿ ಹಲ್ಲಿರುವ ಟೈರು ನೋಡಲು ಪೈಲ್ವಾನನಂತಿದ್ದರೂ ಅರ್ಧ ಹೊಲವನ್ನು ಮನೆಗೆ ಹೊತ್ತು ತರುತ್ತದೆ. ಹಲ್ಲು ದೂರ ದೂರ ಇದ್ದರೆ ಮಣ್ಣು ತಾನೇ ಉದುರುತ್ತದೆ. ಅಂಥದ್ದನ್ನೇ ಆರಿಸಿದೆ. ಒಳಗೆ ದಪ್ಪ ಟ್ಯೂಬು, ಟ್ಯೂಬಿನೊಳಗೆ ತೂತು ಮುಚ್ಚುವ ಹಾಲಿನಂಥ ದ್ರವ. ಇಷ್ಟೂ ಸಾಲದೆಂದು ಚೀಲದಲ್ಲಿ ಇನ್ನೊಂದು ಟ್ಯೂಬು. ನನ್ನ ಸೈಕಲ್ಲಿಗೆ ಹಳೆಯ ತೆಳು ಟ್ಯೂಬೇ ಇರಲಿ ಎಂದುಕೊಂಡೆ.

ಎಳ್ಳಮಾಸಿಯ ಬೆಳಿಗ್ಗೆ ಹೊರಟೆವು. ಡಾಂಬರು ದಾಟಿ ಗಾಡಿದಾರಿಗೆ ಇಳಿಯುವವರೆಗೂ ನನ್ನ ಕಣ್ಣು ಅವಳ ಗಾಲಿಯ ಮೇಲೆಯೇ. ಅಷ್ಟರಲ್ಲಿ ಬುಸ್ ಎಂದಿತು. ಅವಳದೇ ಎಂದು ಬ್ರೇಕ್ ಹಿಡಿದೆ. ನೋಡಿದರೆ ನನ್ನ ಹಿಂದಿನ ಗಾಲಿ! ಚೀಲದ ಟ್ಯೂಬು ತೆಗೆದೆ. ಅದು ಅವಳ ಚಿಕ್ಕ ಗಾಲಿಯ ಅಳತೆಯದು. ನನ್ನದಕ್ಕೆ ಏನು ಮಾಡಿದರೂ ಕೂರಲಿಲ್ಲ. ಪ್ಯಾಚ್ ಹಚ್ಚುವ ಸಾಮಾನು ಮನೆಯಲ್ಲಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೀವು ನೂಕ್ಕೋತ ಬರ್ರಿ. ನಾ ಮುಂದ ಹೋಗಿ ಯಾರನ್ನರ ಗಾಡಿ ಕೊಟ್ಟು ಕಳಸ್ತೇನಿ.”

ಯಾರೂ ಬರಲಿಲ್ಲ. ಬೆವರು ಸುರಿಸುತ್ತ ಹೊಲ ಮುಟ್ಟಿದಾಗ ಚರಗ ಮುಗಿದು, ಜೋಳದ ನಡುವೆ ಎಲ್ಲರೂ ಸಜ್ಜಿ ರೊಟ್ಟಿ, ಎಣ್ಣಿಗಾಯಿಗೆ ಕೈ ಹಾಕಿದ್ದರು. ಹೆಂಡತಿ ಮಾತ್ರ ಇರಲಿಲ್ಲ.

“ಆಕಿ ಎಲ್ಲದಾಳ?” ಎಂದೆ.

“ನಿನ್ನ ಕರ್ಕೊಂಡು ಬರ್ತೇನಿ ಅಂತ ಆಕಿನ ಹೊಂಟಳಲ್ಲೊ, ನಿನಗ ಸಿಗಲಿಲ್ಲೇನು?” ಎಂದಳು ಅಕ್ಕ.

ನನಗೆ ದಿಗಿಲಾಯಿತು. ರೊಟ್ಟಿಗೂ ಕೂರದೆ ಬಂದ ದಾರಿಗೇ ತಿರುಗಿದೆ. ಆಗ ಹೊಲದಾಚೆಯ ಕಾಲುವೆಯ ಏರಿಯ ಮೇಲಿಂದ ಅವಳು ಸೈಕಲ್ ತುಳಿಯುತ್ತ ಬಂದಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮುಖವೆಲ್ಲ ಧೂಳಾಗಿ.

“ಏರಿ ಮ್ಯಾಲಿನ ದಾರಿ ಛಲೋ ಇತ್ತು. ಹಂಗ ಮುಂದ ಮುಂದ ಹೋಗಿಬಿಟ್ಟೆ,” ಎಂದಳು. ನನ್ನನ್ನು ಹುಡುಕಲು ಹೊರಟಿದ್ದು ಅವಳಿಗೆ ನೆನಪೇ ಇರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ನನ್ನನ್ನೂ ನನ್ನ ಸೈಕಲ್ಲನ್ನೂ ಟ್ರ್ಯಾಕ್ಟರಿನಲ್ಲಿ ಹೇರಿದರು. ಅವಳಿಗೂ ಜಾಗವಿತ್ತು. ಅವಳು ಹತ್ತಲಿಲ್ಲ.