ತಪ್ಪು ಲೆಕ್ಕಕ್ಕೆ ಅರ್ಧ ಬೋರ್ಡು

ಗಣಿತವನ್ನು ಕಲಿಸುವವರು ಅನೇಕರಿದ್ದಾರೆ. ಗಣಿತದ ಭಯವನ್ನು ಮೊದಲು ತಾವೇ ಹುಟ್ಟಿಸಿ, ಆಮೇಲೆ ತಾವೇ ಪಟ್ಟುಹಿಡಿದು ಬಿಡಿಸಿದವರು ನಾನು ಕಂಡಂತೆ ಒಬ್ಬರೇ. ಮೂರೂವರೆ ದಶಕಗಳ ಸಾರ್ಥಕ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಗಣಿತದ ಮೇಷ್ಟ್ರ ಕುರಿತು, ಅವರ ವಿದ್ಯಾರ್ಥಿನಿಯೂ ಬಳಿಕ ಸಹೋದ್ಯೋಗಿಯೂ ಆದ ನಾನು ಈ ಮಾತುಗಳನ್ನು ಗೌರವದಿಂದ, ಸ್ವಲ್ಪ ಸಲಿಗೆಯಿಂದಲೂ ಬರೆಯುತ್ತಿದ್ದೇನೆ.

ನಾವು ಓದುವಾಗ ಅವರ ಅಡ್ಡಹೆಸರು 'ಗಪ್‌ಚುಪ್ ಮೇಷ್ಟ್ರು'. ಕಾರಿಡಾರಿನ ತುದಿಯಲ್ಲಿ ಅವರು ಕೆಮ್ಮಿದರೆ ಸಾಕು, ನಾವು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಬೋರ್ಡಿನ ಮೇಲೆ ಯಾರಾದರೂ ಲೆಕ್ಕ ತಪ್ಪಿದರೆ, ಕಣ್ಣಿಗೆ ಬೀಳಬಾರದ್ದೇನೋ ಬಿದ್ದಂತೆ ಥಟ್ಟನೆ ಒರೆಸಿಬಿಡುತ್ತಿದ್ದರು. ತರಗತಿಯ ಮೌನವೇ ಕಲಿಕೆಯ ಗುರುತೆಂದು ಅವರು ಆಗ ಮನಸಾರೆ ನಂಬಿದ್ದರು.

ಒಮ್ಮೆ ಸಮೀಕರಣ ಬಿಡಿಸುತ್ತಾ, ಒಂದು ಸಂಖ್ಯೆಯನ್ನು ಆಚೆ ಬದಿಗೆ ಒಯ್ದವರು ಚಿಹ್ನೆ ಬದಲಿಸಲು ಮರೆತರು. ನಾವು ಹಾಗೇ ಬರೆದುಕೊಂಡೆವು. ಮುಂದಿನ ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಅದೇ ಲೆಕ್ಕವನ್ನು ಅದೇ ರೀತಿ ಕೆಡಿಸಿತ್ತು. ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದ ಮೇಷ್ಟ್ರು, "ಒಬ್ರಿಗೂ ಗೊತ್ತಾಗ್ಲಿಲ್ವಾ?" ಎಂದರು. ನನ್ನ ಪಕ್ಕದವಳು ಎದ್ದು, "ಎಲ್ರಿಗೂ ಗೊತ್ತಾಯ್ತು ಸಾರ್. ಹೇಳಿದ್ರೆ ಬೈತೀರಿ ಅಂತ ನೀವು ಬರೆದ ಹಾಗೇ ಬರೆದ್ವಿ" ಎಂದಳು. ತರಗತಿಯಲ್ಲಿ ಎಂದೂ ಕೂರದಿದ್ದ ಮೇಷ್ಟ್ರು ಅಂದು ಕುರ್ಚಿಯಲ್ಲಿ ಕುಸಿದು ಕುಳಿತರು.

ಮರುದಿನ ಬೋರ್ಡಿನ ನಡುವೆ ಒಂದು ಗೆರೆ ಬಿತ್ತು: ಎಡಕ್ಕೆ ಸರಿ ಲೆಕ್ಕ, ಬಲಕ್ಕೆ ತಪ್ಪು ಲೆಕ್ಕ. ಬಲಗಡೆ ಮೊದಲು ಬರೆದದ್ದು ತಮ್ಮದೇ ತಪ್ಪನ್ನು. ಸ್ವಭಾವ ಒಂದೇ ದಿನಕ್ಕೆ ಬದಲಾಗಲಿಲ್ಲ, ನಿಜ. ಬೈಗುಳ ನಾಲಗೆಯ ತುದಿಗೆ ಬಂದಾಗ ಅದನ್ನು ನುಂಗಿಕೊಳ್ಳಲು ಅವರು ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಿದ್ದರು. ಆದರೆ ನನ್ನದೊಂದು ಎಡವಟ್ಟನ್ನು ಬಲಗಡೆ ಬರೆಸಿ, "ತುಂಬಾ ಒಳ್ಳೇ ತಪ್ಪು ಕಣಮ್ಮಾ, ಎಲ್ರಿಗೂ ಉಪಯೋಗಕ್ಕೆ ಬರುತ್ತೆ" ಎಂದಿದ್ದರು. ನಾನು ಗಣಿತದ ಶಿಕ್ಷಕಿಯಾಗಲು ಆ ಮಾತೇ ಕಾರಣ.

ಕೆಲವು ವರ್ಷಗಳ ಹಿಂದೆ ಈ ಗೆರೆಗೇ ಕುತ್ತು ಬಂತು. ಮೇಷ್ಟ್ರು ಮಕ್ಕಳಿಗೆ ತಪ್ಪು ಲೆಕ್ಕ ಕಲಿಸುತ್ತಾರೆಂದು ಪೋಷಕರು ದೂರಿದ್ದರು. ಇಲಾಖೆಯ ವಿಷಯ ಪರಿವೀಕ್ಷಕರು ತಪಾಸಣೆಗೆ ಬರುವ ಮುನ್ನಾದಿನ ಮುಖ್ಯೋಪಾಧ್ಯಾಯರು, "ಅವರು ಒಪ್ಪದಿದ್ರೆ ಹತ್ತನೇ ತರಗತಿ ನಿಮ್ಮ ಕೈ ತಪ್ಪುತ್ತೆ ಸಾರ್. ನಾಳೆ ಒಂದಿನ ಆ ಗೆರೆ ಅಳಿಸಿಬಿಡಿ" ಎಂದು ಬೇಡಿಕೊಂಡರು. ಮೇಷ್ಟ್ರು ಅಳಿಸಲಿಲ್ಲ. ಮರುದಿನ ಪರಿವೀಕ್ಷಕರು ತರಗತಿಗೆ ಬಂದಾಗ ನಾನು ಹಿಂದಿನ ಬೆಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ.

ಬಲಗಡೆ ಹದಿನಾರರ ಕೆಳಗೆ ಅರವತ್ತನಾಲ್ಕು ಬರೆದು, ಎರಡೂ ಆರಕ್ಕೆ ಗೀಟು ಹೊಡೆದು, ನಾಲ್ಕನೇ ಒಂದು ಎಂಬ ಉತ್ತರ ತೆಗೆಯಲಾಗಿತ್ತು. ಪರಿವೀಕ್ಷಕರು ಹುಬ್ಬು ಗಂಟಿಕ್ಕಿ, "ಉತ್ತರ ಸರೀನೇ ಇದೆಯಲ್ರೀ! ತಪ್ಪಿನ ಕಡೆ ಯಾಕೆ ಹಾಕಿದೀರಿ?" ಎಂದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹುಡುಗಿಯೊಬ್ಬಳು ಎದ್ದಳು. "ಅದು ನನ್ ಲೆಕ್ಕ ಸಾರ್. ಉತ್ತರ ಸರಿ, ದಾರಿ ತಪ್ಪು. ಹದಿಮೂರರ ಕೆಳಗೆ ಮೂವತ್ತನಾಲ್ಕು ಬರೆದು ಎರಡೂ ಮೂರನ್ನ ಹೊಡೀರಿ. ಆಗ್ಲೂ ನಾಲ್ಕನೇ ಒಂದೇ ಬರುತ್ತೆ. ಆದ್ರೆ ಅದರ ನಿಜವಾದ ಬೆಲೆ ಮೂರನೇ ಒಂದಕ್ಕಿಂತ್ಲೂ ಜಾಸ್ತಿ ಸಾರ್."

ಪರಿವೀಕ್ಷಕರು ತಾವೇ ಬೋರ್ಡಿನ ಮೇಲೆ ಮಾಡಿ ನೋಡಿದರು. ನೋಡಿ ನಕ್ಕೇಬಿಟ್ಟರು. "ನಾನೇ ಬೇಸ್ತು ಬಿದ್ದೆ! ಗೆರೇನೂ ಇರ್ಲಿ, ಮೇಷ್ಟ್ರೂ ಇಲ್ಲೇ ಇರ್ಲಿ" ಎಂದಾಗ ಮುಖ್ಯೋಪಾಧ್ಯಾಯರು ಬೆವರು ಒರೆಸಿಕೊಂಡರು. ನನಗಂತೂ ಹೋದ ಜೀವ ಬಂದಂತಾಯಿತು.

"ಅಬ್ಬಾ, ಕ್ಲಾಸು ಉಳೀತಲ್ಲ ಸಾರ್!" ಎಂದೆ, ಶಿಕ್ಷಕರ ಕೊಠಡಿಯಲ್ಲಿ. ಮೇಷ್ಟ್ರು ಒಂದು ಲೋಟ ನೀರನ್ನು ಗಟಗಟನೆ ಕುಡಿದು, "ಕ್ಲಾಸು ಬಿಡಮ್ಮಾ. ಆ ಮಗು ಹೆದರ್ಲಿಲ್ಲ ನೋಡು!" ಎಂದರು. ಅವರ ಕಣ್ಣು ತುಂಬಿತ್ತು.

ಮೇಷ್ಟ್ರು ಆಯುರಾರೋಗ್ಯದಿಂದ ನೂರುಕಾಲ ಬಾಳಲಿ. ಮನೆಯಲ್ಲಿ ಕುಳಿತು ಅಮ್ಮಾವ್ರ ದಿನಸಿ ಲೆಕ್ಕ ತಿದ್ದುವುದಕ್ಕಿಂತ, ಆಗಾಗ ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ನಾನು ತಪ್ಪಿದಾಗ ಧಾರಾಳವಾಗಿ ಕೈ ಎತ್ತಲಿ. ಆದರೆ ನನ್ನ ಮಕ್ಕಳು ಅವರಿಗಿಂತ ಮೊದಲೇ ಎತ್ತಿರುತ್ತಾರೆ.