ಹವಾ ಇಳಿದ ಟ್ರೇಲರ್ ಮತ್ತು ದೊಡ್ಡವ್ವನ ಮಂಗಳವಾರ

ನಮ್ಮ ದೊಡ್ಡವ್ವನಿಗೆ ಮಂಗಳವಾರ ಮತ್ತು ಶನಿವಾರ ಡಯಾಲಿಸಿಸ್. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಅವಳದು ಮಧ್ಯಾಹ್ನದ ಪಾಳಿ. ಪಾಳಿ ತಪ್ಪಿದರೆ ಮಷೀನು ಮುಂದಿನವರಿಗೆ ಹೋಗುತ್ತದೆ. ಕಾಯುವವರೆಲ್ಲ ಅವಳಂಥವರೇ ಆದ್ದರಿಂದ ಅದಕ್ಕೆ ಯಾರನ್ನೂ ದೂರುವಂತಿಲ್ಲ. ಒಮ್ಮೆ ದೀಪಾವಳಿ ಹೊತ್ತಿನಲ್ಲಿ ಒಂದು ಪಾಳಿ ತಪ್ಪಿ, ಅವಳ ಎದೆಯಲ್ಲಿ ನೀರು ತುಂಬಿ, ಉಸಿರಿಗೆ ಪೈಪು ಹಾಕಬೇಕಾಯಿತು. ಮತ್ತೆ ಹೀಗೆ ತಪ್ಪಿಸಿದರೆ ತಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು.

ನಾನು ಚಿಕ್ಕೋಡಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತೇನೆ. ನಮ್ಮೂರು ಕಬ್ಬೂರಿನ ಹತ್ತಿರ. ಮಂಗಳವಾರ ನನ್ನ ಕಾರಿನಲ್ಲಿ ದೊಡ್ಡವ್ವ, ದೊಡ್ಡಪ್ಪ ಇಬ್ಬರೂ ಬರುತ್ತಾರೆ. ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಕೋರ್ಟಿಗೆ ಹೋಗುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ದಾರಿಯಲ್ಲಿ ನಾವು ಹೆಚ್ಚು ಮಾತಾಡುವುದಿಲ್ಲ. ಅದು ಮೂವರಿಗೂ ಒಗ್ಗಿದೆ.

ಆ ವರ್ಷ ಕಬ್ಬಿನ ದರ ಗೊತ್ತುಮಾಡುವ ಮೊದಲೇ ಫ್ಯಾಕ್ಟರಿಗಳು ಕಬ್ಬು ಕಡಿಸತೊಡಗಿದವು. ದರ ಹೇಳುವವರೆಗೆ ಒಂದು ಗಾಡಿಯೂ ಹೋಗಬಾರದೆಂದು ರೈತರು ಅಥಣಿ, ರಾಯಬಾಗ, ಕಬ್ಬೂರು ಕಡೆಯ ದಾರಿಗಳಲ್ಲೆಲ್ಲ ಒಂದು ಮಂಗಳವಾರದಿಂದ ಒಟ್ಟಿಗೆ ರಸ್ತೆ ತಡೆ ಶುರುಮಾಡಿದರು. ನಮ್ಮ ಕಡೆಯದನ್ನು ನೋಡಿಕೊಳ್ಳುವವರಲ್ಲಿ ನಮ್ಮಪ್ಪನೂ ಒಬ್ಬ. ಹಿಂದಿನ ದಿನ ಸಂಜೆ ಆರೇಳು ಜನ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ವಕೀಲೆ ಮಗಳೆಂದು ಅಪ್ಪ ನನ್ನನ್ನು ಹೊರಗೆ ಕರೆದ.

"ನಾಳೆ ಏನೇನ್ ಕೇಸ್ ಬೀಳ್ತಾವು, ಇವರಿಗೆ ಒಂದೀಟು ಬಿಡಿಸಿ ಹೇಳು."

ನಾನು ಹೇಳಿದೆ. ದಾರಿಯಲ್ಲಿ ಕೂತು ಗಾಡಿ ತಡೆದರೆ ಅಕ್ರಮ ತಡೆ, ಸಾರ್ವಜನಿಕರಿಗೆ ತೊಂದರೆ. ಎಲ್ಲರ ಮೇಲೂ ಕೇಸು ಬರೆಯುತ್ತಾರೆ, ಎಷ್ಟೋ ಸಲ ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಟೈರಿನ ಹವಾ ಬಿಟ್ಟರೆ ಅದು ಬೇರೆ, ಇನ್ನೊಬ್ಬರ ಸೊತ್ತಿಗೆ ಹಾನಿ. ಹವಾ ಬಿಡುವುದು ನಮ್ಮ ಕಡೆ ಹಳೆಯ ರೂಢಿ. ಗಾಜು ಒಡೆಯಬಾರದು, ಡ್ರೈವರನ ಮೇಲೆ ಕೈ ಮಾಡಬಾರದು, ಹವಾ ಮಾತ್ರ ಬಿಡಬಹುದು ಎಂದು ಎಲ್ಲರೂ ನಂಬಿದ್ದಾರೆ. ಹವಾ ಇಳಿದ ಟ್ರ್ಯಾಕ್ಟರು ಓಡಿಹೋಗುವುದಿಲ್ಲ, ಕಾವಲು ಬೇಕಿಲ್ಲ.

"ಹವಾ ಯಾರಪ್ಪನ ಮನಿ ಸೊತ್ತು ಬೇ?" ಎಂದ ಒಬ್ಬ. "ಮ್ಯಾಲಿನಾಂವ ಪುಕ್ಕಟ ಕೊಟ್ಟಿದ್ದು, ಪುಕ್ಕಟ ಬಿಡ್ತೀವಿ."

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ನಗಲಿಲ್ಲ. ದೊಡ್ಡವ್ವನ ಪಾಳಿಯ ಬಗ್ಗೆ ಕೇಳಿದೆ.

"ಬಡಗಣ ಬಾಜು ಪೂರಾ ಖಾಲಿ ಇರ್ತೈತಿ," ಎಂದ ಅಪ್ಪ. "ಪೇಶಂಟಿನ ಗಾಡಿ ಯಾವದಽ ಇರ್ಲಿ, ಬಿಡ್ತೀವಿ. ನಿಮ್ಮ ದೊಡ್ಡವ್ವನ್ನ ಯಾರ್ ತಡೀತಾರ?"

ಆ ಮಾತನ್ನು ಅವರು ನಡೆಸಿದ್ದರು. ಮರುದಿನ ನಾವು ಹೋದಾಗ ಹೆದ್ದಾರಿಯ ತೆಂಕಣ ಅರ್ಧದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ತಾಡಪಾಲು ಹಾಸಿಕೊಂಡು ಗಂಡಸರು, ಹೆಂಗಸರು ಕೂತಿದ್ದರು. ಬಡಗಣ ಅರ್ಧ ಖಾಲಿ. ಹಸಿರು ಟವೆಲ್ಲಿನವರು ಹಿಂದಿನ ಸೀಟಿನಲ್ಲಿ ದೊಡ್ಡವ್ವನನ್ನು ನೋಡಿ, "ಹೋಗ್ರಿ, ಹೋಗ್ರಿ" ಎಂದು ಕೈಬೀಸಿ ಬಿಟ್ಟರು. ಸಾಲಿನ ಮುಂಭಾಗಕ್ಕೆ ಬಂದಾಗ ಒಂದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನ ಹತ್ತಿರ ಇಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಹವಾ ಬಿಡುವ ಸಪ್ಪಳ ಕಿಟಕಿಯೊಳಗೆ ಕೇಳುತ್ತಿತ್ತು.

ಅವರು ಹವಾ ಬಿಡುತ್ತಿದ್ದುದು ಬಡಗಣ ಬದಿಯ ಚಕ್ರಗಳದ್ದು. ತೆಂಕಣ ಬದಿಯಲ್ಲೂ ಜನ ಕೂತಿದ್ದರಿಂದ ಇತ್ತ ಬಂದಿದ್ದರು. ಅಲ್ಲಿ ರಸ್ತೆಯೂ ಬಡಗಣಕ್ಕೆ ಇಳಿಜಾರು. ಟ್ರೇಲರು ಮೆಲ್ಲಗೆ ವಾಲಿತು. ಕೂತಿದ್ದ ಇಬ್ಬರೂ ಎದ್ದು ಓಡಿದರು. ಹಗ್ಗವೊಂದು ಹರಿದು, ಮೇಲಿನ ಕಬ್ಬು ಸರಸರನೆ ಜಾರಿ ನಮಗಾಗಿ ಖಾಲಿ ಬಿಟ್ಟಿದ್ದ ದಾರಿಯ ಮೇಲೆ ಬಿತ್ತು. ಉಳಿದ ಹೇರು ವಾಲಿಕೊಂಡೇ ನಿಂತಿತು. ನಾನು ಬ್ರೇಕು ಹಾಕಿದೆ.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಬಿದ್ದ ಕಬ್ಬಿನ ಗುಪ್ಪೆಗೂ ರಸ್ತೆ ಬದಿಯ ಹಳ್ಳಕ್ಕೂ ನಡುವೆ ಉಳಿದದ್ದು ಒಂದು ಕಾರು ಹೇಗೋ ನುಸುಳುವಷ್ಟು ಮಣ್ಣಿನ ಅಂಚು. ನೋಡಲು ಓಡಿಬಂದ ಜನ ಅಲ್ಲಿಯೇ ತುಂಬಿಕೊಂಡರು. ಹಿಂದಿನಿಂದ ಬೈಕಿನವರು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದರು.

"ಆ ಬಾಜೂಲೆ ತಗೊ," ಎಂದ ದೊಡ್ಡಪ್ಪ. "ಹಾರ್ನ್ ಹೊಡಕೋತ ಸಾವಕಾಶ ಬಿಡು. ಸರೀತಾರ."

"ಸರಿದಿಲ್ಲಂದ್ರ?"

"ಗಾಡಿ ಮೈಮ್ಯಾಲ ಬಂದ್ರ ಯಾಂವ ಸರಿಯೂದಿಲ್ಲ? ನಿಮ್ಮ ದೊಡ್ಡವ್ವನ ಮಾರಿ ನೋಡು ಒಮ್ಮೆ."

ನೋಡಿದೆ. ಕಣ್ಣಿನ ಕೆಳಗೆ ಊದಿಕೊಂಡಿತ್ತು, ಉಸಿರು ಗಿಡ್ಡವಾಗಿತ್ತು. ಆದರೂ ನಾನು ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಜನ ಅನ್ಯಾಯವಾಗಿ ದಾರಿ ತಡೆದಿದ್ದಾರೆ ಎನ್ನುವುದು ಅವರ ಮೇಲೆ ಗಾಡಿ ಬಿಡಲು ಪರವಾನಗಿಯಲ್ಲ. ಎದುರಿಗೆ ಮನುಷ್ಯರು ಕಾಣುತ್ತಿರುವಾಗ ಚಕ್ರ ಉರುಳಿಸಿದರೆ, ಆಮೇಲೆ ಅದನ್ನು ಅಪಘಾತ ಎಂದು ಕರೆಯಲು ಬರುವುದಿಲ್ಲ, ಗೊತ್ತಿದ್ದೇ ಮಾಡಿದ್ದಾಗುತ್ತದೆ. ಕಾನೂನು ಬದಿಗಿಟ್ಟರೂ, ವಾಲಿದ ಹೇರಿನ ಕೆಳಗೆ, ಹಳ್ಳದ ಅಂಚಿನಲ್ಲಿ ಒಬ್ಬರ ಕಾಲು ಜಾರಿದರೆ ಸಾಕಿತ್ತು. ಆಮೇಲೆ ಈ ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ, ದೊಡ್ಡವ್ವನೂ ಹೋಗುತ್ತಿರಲಿಲ್ಲ.

ಇಳಿಯುವಾಗ ಕೀಲಿ ತೆಗೆದುಕೊಂಡೆ.

"ಕೀಲಿ ಕೊಟ್ಟ ಹೋಗು," ಎಂದ ದೊಡ್ಡಪ್ಪ.

"ನನ್ ಹಂತೇಕ ಇರ್ಲಿ, ದೊಡ್ಡಪ್ಪ."

ಹಿಂದಿನಿಂದ ದೊಡ್ಡವ್ವನ ದನಿ ಬಂತು. "ಅವರಿಗೆ ಕೊಡಬ್ಯಾಡ. ಎತ್ತಿನ ಗಾಡಿನೂ ನೆಟ್ಟಗ ಹೊಡದವರಲ್ಲ."

ಬಂದೋಬಸ್ತಿಗೆ ಇಬ್ಬರು ಪೇದೆಗಳಿದ್ದರು; ಅವರ ಜೀಪು ರಾಯಬಾಗದ ದಾರಿಗೆ ಹೋಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ನಿಪ್ಪಾಣಿ ಕಡೆ ಹೋಗಿದೆ, ಬರಲು ತಡವಾಗುತ್ತದೆ ಎಂದರು. ದೊಡ್ಡವ್ವನನ್ನು ಹತ್ತಿಸಿ ಕಳಿಸೋಣವೆಂದರೆ ಗುಪ್ಪೆಯ ಆಚೆ ನಿಂತಿದ್ದುದು ತಿರುಗಲು ಜಾಗವಿಲ್ಲದ ಬಸ್ಸು, ಲಾರಿಗಳು ಮಾತ್ರ. ಸಣ್ಣ ಗಾಡಿಗಳು ಯಾವಾಗಲೋ ಹಿಂದಿರುಗಿದ್ದವು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗೋಣ ಎಂದ ಒಬ್ಬ. ಅವಳು ಹಾಗೆ ಕೂರಲಾರಳು. ನಾಲ್ಕು ಜನ ಹೊತ್ತುಕೊಂಡು ನಡೆಯೋಣ ಎಂದ ಇನ್ನೊಬ್ಬ. ಅದು ಕಿಟಕಿಯೊಳಗೆ ಕೇಳಿಸಿತು.

"ನನ್ನ ನಾಕ ಮಂದಿ ಹೊರಾಕ ಇನ್ನೂ ಟೈಮ್ ಐತಿ," ಎಂದಳು ದೊಡ್ಡವ್ವ.

ಅಪ್ಪ ಅಷ್ಟರಲ್ಲಿ ಗುಂಪು ಸೀಳಿಕೊಂಡು ಬಂದಿದ್ದ. ಕಾರಿನ ಕಿಟಕಿಗೆ ಬಗ್ಗಿ, "ವೈನಿ," ಎಂದ. ಅಣ್ಣನ ಹೆಂಡತಿಯ ಎದುರು ಅವನಿಗೆ ಯಾವಾಗಲೂ ಮಾತು ಕಡಿಮೆ.

"ಹವಾ ತುಂಬಿಸಿ ನೆಟ್ಟಗ ಮಾಡೂಣು," ಎಂದ ಯಾರೋ. "ಪಂಕ್ಚರ್ ಅಂಗಡ್ಯಾಂವಗ ಕರೀರಿ."

"ಎಲ್ಲಿಂದ ಕರೀತಿ? ಅಂಗಡಿ ಬಂದ್ ಇಡು ಅಂತ ಮುಂಜಾನೆ ನೀನಽ ಹೇಳಿ ಬಂದಿ. ಸೂಟಿ ಸಿಕ್ತಂತ ಅಂವ ಹೆಂಡ್ರ ಮಕ್ಕಳನ್ನ ಕರಕೊಂಡು ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗ್ಯಾನ."

ಕೆಲವರು ನಕ್ಕರು.

ಉಳಿದ ದಾರಿ ಒಂದೇ, ವಾಲಿದ ಹೇರು ಮೈಮೇಲೆ ಬೀಳದಂತೆ ಮೊದಲು ಅದರ ಕಬ್ಬು ಇಳಿಸಿ, ಆಮೇಲೆ ಗುಪ್ಪೆ ಸರಿಸುವುದು. ಅದಕ್ಕೆ ಟ್ರ್ಯಾಕ್ಟರಿನ ಡ್ರೈವರ್ ಅಡ್ಡ ನಿಂತ. ಬೋರಗಾಂವ ಕಡೆಯವನು, ಅರ್ಧ ಮರಾಠಿಯಲ್ಲಿ ಮಾತಾಡುತ್ತಿದ್ದ. "ಆಹೋ ತಾಯಿ, ಹೇರಿಗೆ ಕೈ ಹಚ್ಚಬ್ಯಾಡ್ರಿ. ಕಾಟಾದಾಗ ತೂಕ ಕಡಿಮಿ ಬಂದ್ರ ಮಾಲಕ ನನ್ನ ಹಿಡೀತಾನ. ಹವಾ ಬಿಟ್ರಿ, ಸುಮ್ನಾದ್ನಿ. ಈಗ ಮಾಲಿಗೂ ಕೈ ಹಾಕ್ತೀರೇನು?"

ಅವನು ಹೇಳಿದ್ದು ಸರಿಯಾಗಿತ್ತು. ಒಂದು ಜೀವ ಉಳಿಸಲು, ಬೇರೆ ದಾರಿಯಿಲ್ಲದೆ, ಒಳ್ಳೆಯ ಉದ್ದೇಶದಿಂದ ಇನ್ನೊಬ್ಬರ ಮಾಲು ಸರಿಸಿದರೆ ಕಾನೂನು ಅದನ್ನು ಒಪ್ಪುತ್ತದೆ. ಆದರೆ ಅದು ಆಮೇಲೆ ಕೋರ್ಟಿನಲ್ಲಿ ಆಡುವ ಮಾತು. ಮಾಲೀಕನನ್ನು ಕೇಳಲು ಸಾಧ್ಯವಿದ್ದಾಗ ಕೇಳುವುದೇ ಒಳ್ಳೆಯದು. ಡ್ರೈವರನಿಂದ ಮಾಲೀಕನಿಗೆ ಫೋನ್ ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದೆ. ಪೇದೆಗಳನ್ನೂ ಹತ್ತಿರ ಕರೆದೆ. ನಾನು ಯಾರು, ಕಾರಿನಲ್ಲಿ ಯಾರಿದ್ದಾರೆ, ಏನಾಗಿದೆ, ಎಲ್ಲವನ್ನೂ ಹೇಳಿದೆ.

ಆ ಕಡೆಯಿಂದ ಮಾಲೀಕರು, "ಹವಾ ಬಿಟ್ಟಾಂವ ಯಾರು?" ಎಂದು ಕೇಳಿದರು.

ಬಿಟ್ಟವರಿಬ್ಬರೂ ನೆಲ ನೋಡಿದರು. "ಬಿಡಾಕ ಹಚ್ಚಿದಾಂವ ನಾನು," ಎಂದ ಅಪ್ಪ.

"ನೀವೂ ಕಬ್ಬಿನವರಽ ಅದೀರಿ?"

"ಹೌದ್ರಿ."

"ಮತ್ತ ನಾನೂ ಕಬ್ಬಿನಾಂವಽ ಅದೇನ್ರಿ. ದರ ಬಂದ್ರ ನನಗೇನ್ ಕಹಿ ಆಕ್ಕೈತೇನು? ಇಳಸ್ರಿ. ಆದ್ರ ಒಂದು ಕೋಲು ಬಿಡದಂಗ ನೀವಽ ಹೇರಬೇಕು, ನೀವಽ ಹವಾ ತುಂಬಿಸಬೇಕು."

"ಆತ್ರಿ," ಎಂದ ಅಪ್ಪ. ಪೇದೆಯೊಬ್ಬ ಅದನ್ನು ಕೇಳಿಸಿಕೊಂಡೆ ಎಂದು ನನಗೆ ತಲೆಯಾಡಿಸಿದ.

ಕಬ್ಬು ಹೊರುವುದನ್ನು ಆ ಜನಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಹೇಳಿದ್ದು ಇಷ್ಟೇ: ವಾಲಿದ ಬದಿಯಲ್ಲಿ ಒಬ್ಬರೂ ನಿಲ್ಲಬಾರದು, ಮೊದಲು ಚಕ್ರಗಳಿಗೆ ಕಲ್ಲು ಕೊಡಬೇಕು, ಹೇರಿನ ಕಬ್ಬನ್ನು ಎತ್ತರದ ಬದಿಯಿಂದ ಇಳಿಸಬೇಕು, ಗುಪ್ಪೆಗೆ ಆಮೇಲೆ ಕೈ ಹಾಕಬೇಕು. ಪೇದೆಗಳು ನೋಡುವ ಜನರನ್ನು ಹಿಂದಕ್ಕೆ ಸರಿಸಿದರು. ಅಪ್ಪ ಟವೆಲ್ಲು ತಲೆಗೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದ. ಕೂತಿದ್ದ ಹೆಂಗಸರು ಎದ್ದು ಸಾಲಾಗಿ ನಿಂತು ಹೊರೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಇಡಲು ಬೇರೆ ಜಾಗವಿಲ್ಲದೆ ತಾವು ಕೂತಿದ್ದ ತಾಡಪಾಲಿನ ಮೇಲೆಯೇ ಇಟ್ಟರು. ಸ್ವಲ್ಪ ಹೊತ್ತಿಗೆ ರಸ್ತೆ ತಡೆಯಲ್ಲಿ ಕೂತವರು ಒಬ್ಬರೂ ಇರಲಿಲ್ಲ, ಕಬ್ಬು ಮಾತ್ರ ಕೂತಿತ್ತು. ನೋಡಿದರೆ ದೊಡ್ಡಪ್ಪನೂ ಸಾಲಿನಲ್ಲಿ ನಿಂತು ಮುಂದಿನವನಿಗೆ, "ಹಿಡಿಯೋ ಲಗೂನ, ಏನ್ ಹೆಣ್ಣ ನೋಡಾಕ ಬಂದೀ?" ಎಂದು ಬಯ್ಯುತ್ತಿದ್ದ.

ನಾನು ಕಾರಿನಲ್ಲಿ ದೊಡ್ಡವ್ವನ ಪಕ್ಕದಲ್ಲಿ ಕೂತು ಅವಳ ಬೆನ್ನಿಗೆ ದಿಂಬು ಸರಿಮಾಡಿದೆ. ಬಾಯಾರಿದೆ ಎಂದಳು. ಅವಳಿಗೆ ನೀರು ಲೆಕ್ಕ ಹಿಡಿದು ಕೊಡಬೇಕು. ಒಂದು ಗುಟುಕು ಕೊಟ್ಟೆ.

ದಾರಿ ತೆರವಾದಾಗ ಅಪ್ಪ ಕಾರಿನ ಮುಂದೆ ಹಿಂದು ಹಿಂದಕ್ಕೆ ನಡೆಯುತ್ತ, ಎರಡೂ ಕೈಗಳಿಂದ ಕರೆಯುತ್ತ ನಮ್ಮನ್ನು ದಾಟಿಸಿದ. ನಾನು ಅವನ ಪಾದಗಳನ್ನಷ್ಟೇ ನೋಡುತ್ತ ಗಾಡಿ ಬಿಟ್ಟೆ. ದಾಟಿದ ಮೇಲೆ ಅವನು ಬದಿಗೆ ಸರಿದು ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿದ.

ಆಸ್ಪತ್ರೆ ಮುಟ್ಟಿದಾಗ ಪಾಳಿ ಶುರುವಾಗಿ ಬಹಳ ಹೊತ್ತಾಗಿತ್ತು. ದೊಡ್ಡವ್ವನ ಮಷೀನಿನಲ್ಲಿ ಬೇರೊಬ್ಬರು ಮಲಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಕಿಟಕಿಯ ಬದಿಗೆ ಕೈ ತೋರಿಸಿದರು. "ಅದ್ರಾಗ ಮಲಗಿಸ್ರಿ. ಅದು ಖಾಲಿ ಐತಿ. ರಾಯಬಾಗ ಕಡಿ ಅಜ್ಜಾರು ಬಂದಿಲ್ಲ, ಅಲ್ಲೂ ರಸ್ತೆ ಬಂದ್ ಅಂತ."

ಸೂಜಿ ಹಾಕಿದರು, ರಕ್ತ ನಳಿಗೆಯಲ್ಲಿ ಹರಿಯತೊಡಗಿತು. ದೊಡ್ಡವ್ವ ಕಣ್ಣು ಮುಚ್ಚಿರಲಿಲ್ಲ.

"ನಾ ಮಲಗಿದ್ದು ಆ ಅಜ್ಜಾರ ಮಷೀನು," ಎಂದಳು. "ನಿಮ್ಮಪ್ಪಗ ಫೋನ್ ಹಚ್ಚು. ರಾಯಬಾಗ ಕಡಿ ಕುಂತವರೂ ಅವನ ದೋಸ್ತರಽ ಇರ್ತಾರ."

ಹೊರಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: ಅಜ್ಜ ಯಾವ ಗಾಡಿಯಲ್ಲಿ ಬರುತ್ತಾರೆ? ಸಿಸ್ಟರನ್ನು ಕೇಳಿ ತಿಳಿಸಿದೆ. ಅಂದು ನಾನು ಕೋರ್ಟಿಗೆ ಹೋಗಲಿಲ್ಲ. ಹಿರಿಯ ವಕೀಲರಿಗೆ ಫೋನಿನಲ್ಲಿ ತಿಳಿಸಿ ವಾರ್ಡಿನ ಬಾಗಿಲ ಹತ್ತಿರ ಕೂತೆ. ದೊಡ್ಡವ್ವನ ಪಾಳಿ ಮುಗಿಯುವ ಮೊದಲು ರಾಯಬಾಗದ ಅಜ್ಜ ಮಗನ ತೋಳು ಹಿಡಿದು ಬಂದರು. ಧೋತರದ ತುಂಬ ಧೂಳು, ಮುಖ ಊದಿತ್ತು. ಕಿಟಕಿಯ ಹತ್ತಿರದ ಮಂಚ ನೋಡಿ, "ನಮ್ಮ ಜಾಗಾದಾಗ ಯಾರ್ರಿ ಇವ್ರು?" ಎಂದರು.

"ಇನ್ನೊಂದೀಟು ಕುಂಡ್ರಿ, ಬಿಡ್ತೀನಿ," ಎಂದಳು ದೊಡ್ಡವ್ವ. "ಹಾಸಿಗಿ ಬೆಚ್ಚಗ ಮಾಡಿ ಇಟ್ಟೀನಿ."

ಹಿಂದಿರುಗುವಾಗ ಸೂರ್ಯ ಇಳಿದಿದ್ದ. ಪಂಕ್ಚರ್ ಅಂಗಡಿಯವನು ಹಣೆಯ ತುಂಬ ಮಲ್ಲಯ್ಯನ ಭಂಡಾರದ ಅರಿಸಿನ ಹಚ್ಚಿಕೊಂಡೇ, ಟೈರಿಗೆ ಹವಾ ತುಂಬಿ ಮುಗಿಸಿ ಪೈಪು ಸುತ್ತುತ್ತಿದ್ದ. ಕಬ್ಬು ಮತ್ತೆ ಟ್ರೇಲರಿನ ಮೇಲೇರಿತ್ತು, ಜನ ಮತ್ತೆ ತಾಡಪಾಲಿನ ಮೇಲೆ ಕೂತಿದ್ದರು. ದೊಡ್ಡವ್ವ ಗಾಡಿ ನಿಲ್ಲಿಸಲು ಹೇಳಿದಳು. ಅಪ್ಪ ಎದ್ದು ಬಂದ.

"ಅಜ್ಜಾರು ಮುಟ್ಟಿದ್ರೇನು?"

"ಮುಟ್ಟ್ಯಾರ. ಮಷೀನು ಹಚ್ಚ್ಯಾರ," ಎಂದಳು ಅವಳು.

ಅಪ್ಪ ಕಿಟಕಿಯ ಅಂಚು ಹಿಡಿದುಕೊಂಡು ನನ್ನನ್ನು ಕೇಳಿದ. "ಕುಂತ್ರ ಒಂದು ಕೇಸ್ ಅಂದಿದ್ದಿ. ಇವತ್ತಿಂದು ಎಷ್ಟಾತು?"

"ಕುಂತಿದ್ದೊಂದು, ಹವಾ ಬಿಟ್ಟಿದ್ದೊಂದು."

"ಕಬ್ಬು ಇಳಿಸಿದ್ದು?"

"ಅದಕ್ಕ ಕೇಸಿಲ್ಲ."

ಅವನು ತಲೆಯಾಡಿಸಿ, ಹಿಂದಕ್ಕೆ ತಿರುಗಿ ಕೂಗಿದ. "ನಾಳಿಂದ ಹವಾ ಬಿಡೂದು ಬಂದ್ ಲೇ. ಗಾಡಿ ಹಿಡಿಯೂದಿದ್ರ ಮುಂದ ಕುಂತು ಹಿಡೀರಿ."

"ನಾಳಿ, ನಾಡಿದ್ದು, ಶುಕ್ರವಾರ ಕುಂಡ್ರಿ," ಎಂದಳು ದೊಡ್ಡವ್ವ. "ಶನಿವಾರ ನಾ ಬರ್ತೀನಿ."