ವೀರಗಲ್ಲಿನ ಕಣ್ಣು

ಆಲಮೇಲದ ಹತ್ತಿರದ ಒಂದೂರಿನಲ್ಲಿ ಹಳೆಯ ವೀರಗಲ್ಲೊಂದನ್ನು ಸ್ವಚ್ಛಗೊಳಿಸುವ ಕೆಲಸ ಪುರಾತತ್ವ ಇಲಾಖೆಯಿಂದ ನನಗೆ ಬಂದಿತ್ತು. ಊರವರು ಪ್ರತಿ ವರ್ಷ ಅದಕ್ಕೆ ಎಣ್ಣೆಬಣ್ಣ ಬಳಿದು, ವೀರನಿಗೆ ಬಿಳಿ ಕಣ್ಣು, ಕರಿ ಮೀಸೆ ಬರೆಯುತ್ತಿದ್ದರು. ನೋಡಿ ಮೈ ಉರಿಯಿತು. ‘ಬಣ್ಣ ಬಳಿದು ಶಿಲ್ಪ ಕೆಡಿಸಿದ್ದಾರೆ’ ಎಂದು ವರದಿಯಲ್ಲಿ ಮೊದಲೇ ಬರೆದುಬಿಟ್ಟೆ.

ಬಣ್ಣ ಕರಗಿಸುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಮೂರು ದಿನ ಪದರ ಪದರವಾಗಿ ಬಣ್ಣ ತೆಗೆದೆ. ಕತ್ತಿ ಕಂಡಿತು, ಕುದುರೆ ಕಂಡಿತು. ಮುಖವಿರಬೇಕಾದ ಕಡೆ ಮಾತ್ರ ನುಣ್ಣನೆಯ ಕಲ್ಲು. ಕಣ್ಣಿಲ್ಲ, ಮೂಗಿಲ್ಲ.

ದಿನಾ ಅಲ್ಲಿ ದೀಪ ಹಚ್ಚುವ ಅಜ್ಜಿಯೊಬ್ಬಳು ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಹಿರ್ಯಾರು ಇವನ ಮಾರಿ, ಕಣ್ಣು ಮುಟ್ಟಿ ಮುಟ್ಟಿ ಕೈಮುಗಿತಿದ್ರ್ರಿ ಸಾಹೇಬ್ರ. ಎಂದೋ ಸವದು ಹೋಗೈತಿ. ಅದಕ್ಕ ಬಣ್ಣದಾಗ ಬರೀತೀವಿ. ಕೇಳಿದ್ರ ಮೊದಲ ಹೇಳ್ತಿದ್ನಿ,” ಎಂದಳು.

ನಾನು ವರದಿಯ ಆ ಸಾಲನ್ನು ಹೊಡೆದು ಹಾಕಿದೆ. ಆದರೆ ಶಿಲ್ಪದಲ್ಲಿ ಅಳಿದುಹೋದದ್ದನ್ನು ಊಹಿಸಿ ಬರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹಾಗಾಗಿ ಮುಖವನ್ನು ಹಾಗೇ ಬಿಟ್ಟು, ಮರುದಿನ ಬೆಳಿಗ್ಗೆ ಸಾಮಾನು ಕಟ್ಟತೊಡಗಿದೆ.

ಅಜ್ಜಿ ಬಂದು ಬಣ್ಣದ ಡಬ್ಬಿಯನ್ನೂ ಒಂದು ಕುಂಚವನ್ನೂ ನನ್ನ ಮುಂದಿಟ್ಟಳು.

“ಕಣ್ಣ ನೀವ ತಗದೀರಿ,” ಎಂದಳು. “ನೀವ ಬರೀರಿ.”